ಥೇಮ್ಸ್ ಮೇಲಿನ ದೋಣಿ ಮತ್ತು ನಮ್ಮ ವೃಷಭಾವತಿ

ಲಂಡನ್ನಿಗೆ ಆನ್‌ಸೈಟ್ ಅಂತ ಬಂದು ನಾಲ್ಕು ತಿಂಗಳಾಯ್ತು. ಮನೆಯಿಂದ ಯಾರೇ ಫೋನ್ ಮಾಡಿದರೂ ಮೊದಲ ಪ್ರಶ್ನೆ, "ಏನೇನು ನೋಡಿದೆಯಪ್ಪಾ?" ನಿಜ ಹೇಳಬೇಕೆಂದರೆ ಮೊನ್ನೆ ಮೊನ್ನೆಯವರೆಗೂ ನಾನು ನೋಡಿದ್ದು ಟ್ಯೂಬ್ ರೈಲಿನ ಸುರಂಗ, ಆಫೀಸಿನ ಮೀಟಿಂಗ್ ರೂಮು ಮತ್ತು ಈಸ್ಟ್ ಹ್ಯಾಮ್‌ನ ಒಂದು ದೋಸೆ ಹೋಟೆಲು. ಅಷ್ಟೇ. ಟ್ಯೂಬ್‌ನಲ್ಲಿ ಓಡಾಡುವವನಿಗೆ ಊರು ಅಂದ್ರೆ ಬಣ್ಣಬಣ್ಣದ ಗೆರೆಗಳ ಒಂದು ನಕ್ಷೆ. ಒಂದು ಸ್ಟೇಷನ್ನಿನಲ್ಲಿ ಮುಳುಗೋದು, ಇನ್ನೊಂದರಲ್ಲಿ ಏಳೋದು. ನಡುವೆ ಏನಿದೆ ಅಂತ ಗೊತ್ತೇ ಆಗಲ್ಲ.

ಕಳೆದ ಶನಿವಾರ ಗ್ರೀನಿಚ್‌ಗೆ ಹೋಗಿದ್ದೆ. ವಾಪಸ್ ಬರುವಾಗ ರೈಲು ಬಿಟ್ಟು ದೋಣಿ ಹತ್ತಿದೆ. ಮೈಕಿನಲ್ಲಿ ಕತೆ ಹೇಳುವ ಟೂರಿಸ್ಟ್ ದೋಣಿಯಲ್ಲ. ಇಲ್ಲಿಯ ಜನ ಆಫೀಸಿಗೆ ಹೋಗಿಬರಲು ಬಳಸುವ, ಕಾರ್ಡ್ ತೋರಿಸಿ ಹತ್ತುವ ರಿವರ್ ಬಸ್ಸು. ಬಸ್ಸಿಗಿಂತ ದುಡ್ಡು ಜಾಸ್ತಿ, ನಿಜ. ಆದರೆ ಇಳಿಯುವ ಹೊತ್ತಿಗೆ ನನ್ನದೊಂದು ಅಭಿಪ್ರಾಯ ಗಟ್ಟಿಯಾಗಿತ್ತು: ಹಳೇ ಊರನ್ನು ಮೊದಲು ಅದರ ನದಿಯ ಮೇಲಿಂದ ನೋಡಬೇಕು. ಮ್ಯೂಸಿಯಮ್ಮು, ಅರಮನೆ ಎಲ್ಲ ಆಮೇಲೆ.

ಯಾಕೆ ಅಂತೀರಾ? ಗ್ರೀನಿಚ್ ಗುಡ್ಡದ ಮೇಲಿನ ವೀಕ್ಷಣಾಲಯದ ನೆತ್ತಿಯಲ್ಲಿ ಒಂದು ಕೆಂಪು ಚೆಂಡು ಇದೆ. 1833ರಲ್ಲಿ ಹಾಕಿದ್ದು. ದಿನಾ ಮಧ್ಯಾಹ್ನ 1 ಗಂಟೆಗೆ ಸರಿಯಾಗಿ ಅದನ್ನು ಕಂಬದ ಮೇಲಿಂದ ಕೆಳಗೆ ಬೀಳಿಸುತ್ತಿದ್ದರು. ಗುಡ್ಡದ ಮೇಲೆ ನಿಂತು ನೋಡಿದಾಗ ಇದೇನು ಮಕ್ಕಳಾಟ ಅನ್ನಿಸಿತ್ತು. ದೋಣಿಯಿಂದ ತಿರುಗಿ ನೋಡಿದಾಗ ತಲೆಗೆ ಹೋಯ್ತು. ಅದು ಇದ್ದದ್ದೇ ನದಿಯಲ್ಲಿ ನಿಂತ ಹಡಗುಗಳಿಗಾಗಿ! ನಡು ಸಮುದ್ರದಲ್ಲಿ ರೇಖಾಂಶ ಲೆಕ್ಕ ಹಾಕಬೇಕಾದರೆ ಗಡಿಯಾರ ಕರಾರುವಾಕ್ಕಾಗಿರಬೇಕು. ಹಡಗಿನವರು ಆ ಚೆಂಡು ನೋಡಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಆ ಕಾಲದ ಎನ್‌ಟಿಪಿ ಸರ್ವರ್.

ಮುಂದೆ ವಾಪಿಂಗ್ ಅನ್ನುವ ಜಾಗ. ರಸ್ತೆಯಿಂದ ನೋಡಿದರೆ ಹಳೇ ಗೋದಾಮುಗಳನ್ನು ಕೆಡವದೆ ಮಾಡಿದ ದುಬಾರಿ ಫ್ಲ್ಯಾಟುಗಳು. ಇದೇ ದಡದಲ್ಲಿ ಕಡಲ್ಗಳ್ಳರನ್ನು ಗಲ್ಲಿಗೇರಿಸುತ್ತಿದ್ದರು, ಬಂದು ಹೋಗುವ ನಾವಿಕರಿಗೆಲ್ಲ ಕಾಣಲಿ ಅಂತ. 1701ರಲ್ಲಿ ಕ್ಯಾಪ್ಟನ್ ಕಿಡ್‌ನನ್ನು ನೇಣು ಹಾಕಿದ್ದು ಇಲ್ಲೇ. ಈ ಪುಣ್ಯಾತ್ಮ 1697ರಲ್ಲಿ ನಮ್ಮ ಕಾರವಾರದ ಬಂದರಿಗೂ ಬಂದು ಹೋಗಿದ್ದ. ಕಾರವಾರದ ನೀರಿಗೂ ಈ ಕೆಸರು ನೀರಿಗೂ ನಂಟಿದೆ ಅಂತ ಟ್ಯೂಬ್‌ನಲ್ಲಿ ಕೂತಿದ್ದರೆ ನನಗೆ ಹೊಳೆಯುತ್ತಲೇ ಇರಲಿಲ್ಲ.

ಆದರೆ ನಾನು ಹೇಳಹೊರಟ ವಿಷಯ ಬೇರೆಯೇ. ಟವರ್ ಬ್ರಿಜ್, ಲಂಡನ್ ಬ್ರಿಜ್ ದಾಟಿ ಬ್ಲ್ಯಾಕ್‌ಫ್ರಯರ್ಸ್ ಸೇತುವೆ ಬರುತ್ತದೆ. ಅದರ ಕೆಳಗೆ ಉತ್ತರ ದಡದ ಗೋಡೆಯಲ್ಲಿ ಒಂದು ತೂತಿದೆ, ನೀರು ಇಳಿದಾಗ ಕಾಣುತ್ತದೆ. ಅದು ಫ್ಲೀಟ್ ಅನ್ನುವ ನದಿಯ ಬಾಯಿ. ಹೌದು, ನದಿ! ಒಂದು ಕಾಲಕ್ಕೆ ಅದರಲ್ಲೂ ದೋಣಿಗಳು ಓಡಾಡುತ್ತಿದ್ದವು. ಜನ ಕಸ ಸುರಿದರು, ನಾರತೊಡಗಿತು. 18ನೇ ಶತಮಾನದಲ್ಲಿ ಹಂತಹಂತವಾಗಿ ಮೇಲೆ ಕಲ್ಲು ಮುಚ್ಚಿ ರಸ್ತೆ ಮಾಡಿಬಿಟ್ಟರು. ಇವತ್ತು ಅದು ಬರೀ ಚರಂಡಿ.

ಥೇಮ್ಸ್ ಕೂಡ ಅದೇ ದಾರಿಯಲ್ಲಿತ್ತು. ಕಾಲರಾದಿಂದ ಸಾವಿರಾರು ಜನ ಸತ್ತರೂ ಯಾರೂ ಅಲ್ಲಾಡಲಿಲ್ಲ. 1858ರ ಬೇಸಿಗೆಯಲ್ಲಿ ನಾತ ನೇರ ಪಾರ್ಲಿಮೆಂಟಿನ ಒಳಗೆ ನುಗ್ಗಿತು. ಪರದೆಗಳನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಅದ್ದಿ ತೂಗುಹಾಕಿದರೂ ತಡೆಯಲಾಗಲಿಲ್ಲ. ಆಗ ನೋಡಿ, ಹದಿನೆಂಟೇ ದಿನದಲ್ಲಿ ಕಾನೂನು ಪಾಸಾಯ್ತು! ಬ್ಯಾಝಲ್ಜೆಟ್ ಅನ್ನುವ ಇಂಜಿನಿಯರು ಊರಿನ ಅಡಿಗೆ ದೊಡ್ಡ ಇಟ್ಟಿಗೆ ಕಾಲುವೆಗಳನ್ನು ಕಟ್ಟಿದ. ಹಾಗಂತ ಕತೆ ಸುಖಾಂತ್ಯ ಆಗಲಿಲ್ಲ. 1957ರಲ್ಲಿ ಈ ನದಿಯ ಜೀವ ಹೋಗಿದೆ ಅಂತ ಘೋಷಿಸಿದ್ದರು. ಮತ್ತೆ ಶುದ್ಧೀಕರಣ ಮಾಡಿ ಈಗ ಸೀಲ್‌ಗಳು ಕಾಣಿಸಿಕೊಳ್ಳುವಷ್ಟಾಗಿದೆ. ಜೋರು ಮಳೆ ಬಂದರೆ ಆಗಲೂ ಕೊಳಚೆ ಉಕ್ಕಿ ನದಿಗೆ ಸೇರುತ್ತಿತ್ತು. ಅದಕ್ಕೆ 25 ಕಿಲೋಮೀಟರ್ ಉದ್ದದ ಹೊಸ ಸುರಂಗ ತೋಡಿ, 2025ರಲ್ಲಿ ಪೂರ್ತಿ ಜೋಡಿಸಿದರು. ಅಂದರೆ 1858ರ ಬಗ್ಗನ್ನು ಇನ್ನೂ ಫಿಕ್ಸ್ ಮಾಡುತ್ತಲೇ ಇದ್ದಾರೆ.

ಒಂದೇ ಊರು, ಎರಡು ನದಿ. ಎಲ್ಲರ ಕಣ್ಣೆದುರು, ಮೂಗಿನೆದುರು ಇದ್ದದ್ದು ಉಳಿಯಿತು. ಮುಚ್ಚಿಟ್ಟದ್ದು ಚರಂಡಿಯಾಯಿತು.

ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಳಿದು, ಸೇತುವೆ ದಾಟಿ, ಆಚೆ ದಡದಗುಂಟ ಸ್ವಲ್ಪ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಅನಾವರಣವಾದದ್ದು. ಈ ದಡದ ಗೋಡೆ ಕಟ್ಟಿಸಿದವನೂ ಅದೇ ಬ್ಯಾಝಲ್ಜೆಟ್. ಅಲ್ಲಿ ಬೆಂಚಿನ ಮೇಲೆ ಕೂತಾಗ ಇನ್ನೊಂದು ಬಸವ ನೆನಪಾಯ್ತು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆ ಅಂತ ನಂಬುವ ವೃಷಭಾವತಿ.

ನಾಲ್ಕು ವರ್ಷ ಇಂಜಿನಿಯರಿಂಗ್ ಕಾಲೇಜಿಗೆ ಮೈಸೂರು ರಸ್ತೆಯ ಬಸ್ಸಿನಲ್ಲಿ ಹೋದವನು ನಾನು. ಆ ಜಾಗ ಬಂದಾಗ ಕರ್ಚೀಫು ಮೂಗಿಗೆ ಹಿಡಿಯುತ್ತಿದ್ದೆ, ಅಷ್ಟೇ. ಅದನ್ನು 'ಮೋರಿ' ಅಂತಲೇ ಕರೀತಿದ್ವಿ. ನಮ್ಮಜ್ಜಿ ಚಿಕ್ಕವರಿದ್ದಾಗ ಗಾಳಿ ಆಂಜನೇಯನ ಗುಡಿಗೆ ಬಂದರೆ ಅದೇ ಹೊಳೆಯಲ್ಲಿ ಕಾಲು ತೊಳೆದು ಒಳಗೆ ಹೋಗುತ್ತಿದ್ದರಂತೆ. ಅಜ್ಜಿ ಹೇಳಿದಾಗ ನಾನು ನಕ್ಕುಬಿಟ್ಟಿದ್ದೆ. ಈಗ ನಾಚಿಕೆಯಾಗುತ್ತೆ. ಈ ನೀರು ಅರ್ಕಾವತಿ ಸೇರಿ ಕೊನೆಗೆ ಕಾವೇರಿಗೇ ಹೋಗುತ್ತದೆ. ನಾವು ಕಿಟಕಿ ಮುಚ್ಚಿದ ಎಸಿ ಮೆಟ್ರೋದಲ್ಲಿ ಮೇಲಿಂದ ಮೇಲೆ ಹೋಗಿಬಿಡುತ್ತೇವೆ. ವಾಸನೆಯೂ ಬರಲ್ಲ, ಸಿಟ್ಟೂ ಬರಲ್ಲ.

ವೃಷಭಾವತಿಯಲ್ಲಿ ದೋಣಿ ಬಿಡಿ ಅಂತ ನಾನು ಹೇಳ್ತಿಲ್ಲ. ಸಮುದ್ರದ ಉಬ್ಬರ ಇಳಿತ ಇರುವ ಥೇಮ್ಸ್ ಎಲ್ಲಿ, ಆ ಸಣ್ಣ ಹೊಳೆ ಎಲ್ಲಿ. ನನ್ನ ಮಾತು ಇಷ್ಟೇ: ಗೋಡೆ, ಜಾಲರಿ, ಸ್ಲ್ಯಾಬ್ ಹಾಕಿ ಮರೆ ಮಾಡೋದನ್ನೇ ಪರಿಹಾರ ಅಂದುಕೊಳ್ಳಬೇಡಿ. ದಡದಲ್ಲಿ ನಡೆಯೋಕೆ ಒಂದು ದಾರಿ ಮಾಡಿ. ನಾರುತ್ತದೆಯೇ? ನಾರಲಿ. ಆ ನಾತ ವಿಧಾನಸೌಧದ ಪರದೆಗೂ ತಾಗಲಿ. ಹದಿನೆಂಟು ದಿನದಲ್ಲಿ ಅಲ್ಲದಿದ್ದರೂ, ಯಾವತ್ತೋ ಒಂದು ದಿನ ಕೆಲಸ ಆದೀತು.

ನಿಮ್ಮ ಊರಿನ ನದಿಯನ್ನು ನೀವು ಕೊನೆಯ ಸಲ ಹತ್ತಿರದಿಂದ ನೋಡಿದ್ದು ಯಾವಾಗ? ನೆನಪಿದ್ದರೆ ಬರೀರಿ. ನಾನಂತೂ ಊರಿಗೆ ಬಂದ ಮೇಲೆ ಅಜ್ಜಿಯನ್ನು ಕರಕೊಂಡು ಗಾಳಿ ಆಂಜನೇಯನ ಗುಡಿಗೆ ಹೋಗುವವನಿದ್ದೇನೆ. ಈ ಸಲ ಕರ್ಚೀಫು ಇಲ್ಲದೆ.