ಅಗ್ಗದ ಷೇರು, ಅಪ್ಪನ ಪಿ.ಎಫ್. ಹಣ



ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಗಡಿ ಬದಲಾದರೂ ಕೆಲಸ ಹುಡುಕಿಕೊಂಡು ನಮ್ಮವರು ಅತ್ತ ಹೋಗುವುದು ನಿಲ್ಲಲಿಲ್ಲ. ಅಂಥ ಒಂದು ಕುಟುಂಬವನ್ನು ಇತ್ತೀಚೆಗೆ ತಿರುಪ್ಪೂರು ಜಿಲ್ಲೆಯ ಪಲ್ಲಡಂನಲ್ಲಿ ಭೇಟಿಯಾದೆ. ತಂದೆ ಮೂವತ್ತು ವರ್ಷ ನೂಲಿನ ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ಪಿ.ಎಫ್. ಹಣ ಒಂಬತ್ತು ಲಕ್ಷ ಕೈಗೆ ಬಂದಿತ್ತು. ಕಾಫಿ ಕುಡಿಯುವಾಗ ಮಗ ಮೊಬೈಲ್ ಮುಂದೆ ಹಿಡಿದ.

"ಫಾದರ್, ಇದು ಹೊರದೇಶದ ಸಣ್ಣ ಮೆಮೊರಿ ಚಿಪ್ ಕಂಪನಿ. ಹನ್ನೆರಡು ಡಾಲರ್ ಇದ್ದ ಷೇರು ಈಗ ಎರಡು ಡಾಲರಿಗೆ ಸಿಗುತ್ತಿದೆ. ನಮ್ಮ ಪಲ್ಲಡಂಗೇ ಸೆಮಿಕಂಡಕ್ಟರ್ ಪಾರ್ಕ್ ಬರುತ್ತಿದೆ. ಅಪ್ಪನಿಗೆ ನೀವೇ ಒಂದು ಮಾತು ಹೇಳಿ."

ಅಡುಗೆಮನೆಯಿಂದ ತಾಯಿಯ ದನಿ ಕೇಳಿಸಿತು: "ಪಾಝಿ ಆದ ಮೇಲೂ ಬುದ್ಧಿ ಬರಲಿಲ್ಲವೇನೋ?"

ತಿರುಪ್ಪೂರಿನವರಿಗೆ ಆ ಹೆಸರನ್ನು ವಿವರಿಸಬೇಕಾಗಿಲ್ಲ. ಪಾಝಿ ಫಾರೆಕ್ಸ್ ಎಂಬ ಸಂಸ್ಥೆ 2008-09ರಲ್ಲಿ ಭಾರಿ ಲಾಭದ ಆಸೆ ತೋರಿಸಿ ಜನರಿಂದ ಸುಮಾರು 930 ಕೋಟಿ ರೂಪಾಯಿ ಸಂಗ್ರಹಿಸಿತ್ತು. ಅದರ ಇಬ್ಬರು ನಿರ್ದೇಶಕರಿಗೆ ಕೊಯಮತ್ತೂರಿನ ನ್ಯಾಯಾಲಯ 2022ರಲ್ಲಿ 27 ವರ್ಷಗಳ ಸೆರೆವಾಸ ವಿಧಿಸಿತು.

"ಇದು ಮೋಸದ ಕಂಪನಿಯಲ್ಲಮ್ಮ" ಎಂದ ಮಗ. ಅವನ ಮಾತು ನಿಜವೇ ಇರಬಹುದು. ಆದರೆ ಪ್ರಾಮಾಣಿಕ ಕಂಪನಿಯೂ ಮುಳುಗುತ್ತದಲ್ಲ!

ಸೆಮಿನರಿಯಲ್ಲಿ ನನಗೆ ಷೇರುಪೇಟೆ ಕಲಿಸಲಿಲ್ಲ. ಆದರೂ ಕೂಡಿ ಕಳೆಯುವುದು ಬರುತ್ತದೆ. ಆ ಕಂಪನಿಯ ಲೆಕ್ಕಪತ್ರವನ್ನು ಮೊಬೈಲಿನಲ್ಲೇ ತೆರೆಸಿ ಮೂವರೂ ಕುಳಿತೆವು.

ಮೊದಲು ಪಾರ್ಕಿನ ವಿಷಯ. ತಮಿಳುನಾಡು ಸರಕಾರ 2025ರ ಬಜೆಟ್ಟಿನಲ್ಲಿ ಸೂಲೂರು ಮತ್ತು ಪಲ್ಲಡಂನಲ್ಲಿ ಪ್ರಕಟಿಸಿದ್ದು ಚಿಪ್ ತಯಾರಿಕೆಗೆ ಬೇಕಾದ ಯಂತ್ರೋಪಕರಣಗಳ ಪಾರ್ಕುಗಳನ್ನು. ಅದರಿಂದ ಇಲ್ಲಿನ ಯುವಕರಿಗೆ ಕೆಲಸ ಸಿಕ್ಕರೆ ಸಂತೋಷವೇ. ಆದರೆ ಎಲ್ಲೋ ದೂರದಲ್ಲಿರುವ ಈ ಕಂಪನಿಯ ನಷ್ಟ ಅದರಿಂದ ತುಂಬುವುದಿಲ್ಲ.

ಎರಡನೆಯದು, ಮೆಮೊರಿ ಚಿಪ್ಪಿನ ಸ್ವಭಾವ. ಸಾಮಾನ್ಯ ಮೆಮೊರಿ ಚಿಪ್ ಯಾರು ಮಾಡಿದರೂ ಹೆಚ್ಚುಕಡಿಮೆ ಒಂದೇ. ಬೆಲೆ ನಿರ್ಧರಿಸುವುದು ಮಾರುಕಟ್ಟೆ. ಇಷ್ಟು ಹೇಳುವಷ್ಟರಲ್ಲಿ ತಂದೆ ತಲೆಯಾಡಿಸಿದರು: "ನಲವತ್ತನೇ ನಂಬರ್ ನೂಲಿನ ಹಾಗೆ, ಸ್ವಾಮಿ. ದರ ಬಿದ್ದಾಗ ಮೊದಲು ಬಾಗಿಲು ಹಾಕುವುದು ಸಾಲದಲ್ಲಿರುವ ಗಿರಣಿ."

ಎಷ್ಟು ಸರಿಯಾದ ಮಾತು! ಜರ್ಮನಿಯ ಕಿಮೊಂಡಾ ಚಿಪ್ ಬೆಲೆ ಕುಸಿದು 2009ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಜಪಾನಿನ ಎಲ್ಪಿಡಾ 2012ರಲ್ಲಿ ಅದೇ ದಾರಿ ಹಿಡಿಯಿತು. ಅದನ್ನು ಅಮೆರಿಕದ ಮೈಕ್ರಾನ್ 2013ರಲ್ಲಿ ಕೊಂಡಿತು. ಹಿರೋಷಿಮಾದ ಕಾರ್ಖಾನೆ ಉಳಿಯಿತು, ಹಳೆಯ ಷೇರುದಾರರ ಹಣ ಉಳಿಯಲಿಲ್ಲ.

"ಹಾಗಾದರೆ ಸಣ್ಣ ಕಂಪನಿಗಳೆಲ್ಲ ಸಾಯುತ್ತವೆಯೇ?" ಎಂದು ಮಗ ಕೇಳಿದ. ಇಲ್ಲ. ಅಮೆರಿಕದ ರಾಮ್‌ಟ್ರಾನ್ ಸಣ್ಣದೇ. ವಿದ್ಯುತ್ ಹೋದರೂ ಮಾಹಿತಿ ಅಳಿಯದಂಥ ವಿಶೇಷ ಮೆಮೊರಿಯನ್ನು ಮೀಟರುಗಳಿಗೂ ಇತರ ಉಪಕರಣಗಳಿಗೂ ಮಾಡುತ್ತಿತ್ತು. 2012ರಲ್ಲಿ ಸೈಪ್ರೆಸ್ ಕಂಪನಿ ಅದನ್ನು ಸುಮಾರು 11 ಕೋಟಿ ಡಾಲರಿಗೆ ಕೊಂಡಿತು. ಷೇರಿಗೆ 2.48 ಡಾಲರ್ ಕೊಡುತ್ತೇವೆಂದು ಆರಂಭಿಸಿ 3.10 ಡಾಲರ್ ಕೊಟ್ಟಿತು. ಬೇರೆಯವರಲ್ಲಿಲ್ಲದ ವಸ್ತು ಅದರ ಬಳಿಯಿತ್ತು.

"ಇವರ ಬಳಿ ಅಂಥದ್ದೇನಿದೆ?" ಎಂದು ತಂದೆ ಕೇಳಿದರು. ಆಮೇಲೆ ಗಿರಣಿಯ ಅನುಭವದಿಂದಲೇ ಒಂದೊಂದಾಗಿ ಪ್ರಶ್ನೆ ಹಾಕಿದರು. ಗೋದಾಮಿನಲ್ಲಿ ಮಾಲು ಎಷ್ಟು ಬಿದ್ದಿದೆ? ಕೊಳ್ಳುವವರು ಎಷ್ಟು ಜನ? ಸಂಬಳ ಕೊಡಲು ಎಷ್ಟು ತಿಂಗಳ ಹಣವಿದೆ?

ಮಗ ಹುಡುಕಿ ಓದಿದ. ಮಾರಾಟ ಇಳಿದಿತ್ತು, ದಾಸ್ತಾನು ಏರಿತ್ತು. ಅರ್ಧಕ್ಕಿಂತ ಹೆಚ್ಚು ಮಾಲು ಒಬ್ಬನೇ ಗಿರಾಕಿಗೆ ಹೋಗುತ್ತಿತ್ತು. ಕೈಯಲ್ಲಿ 1.2 ಕೋಟಿ ಡಾಲರ್; ಮೂರು ತಿಂಗಳಿಗೊಮ್ಮೆ ಕರಗುತ್ತಿದ್ದದ್ದು 40 ಲಕ್ಷ. ಅಂದರೆ ಒಂಬತ್ತು ತಿಂಗಳು. ಆಮೇಲೆ ಸಾಲ ಮಾಡಬೇಕು, ಇಲ್ಲವೇ ಹೊಸ ಷೇರುಗಳನ್ನು ಅಗ್ಗಕ್ಕೆ ಮಾರಬೇಕು. ಹಾಗೆ ಮಾರಿದರೆ ಮುಂದೆ ಲಾಭ ಬಂದರೂ ಹಂಚಿಕೊಳ್ಳುವವರು ಹೆಚ್ಚುತ್ತಾರೆ, ನಮ್ಮ ಪಾಲು ಸಣ್ಣದಾಗುತ್ತದೆ. ಕೊನೆಗೆ ಲೆಕ್ಕಪರಿಶೋಧಕರ ಟಿಪ್ಪಣಿ: ಕಂಪನಿ ಮುಂದುವರಿಯುವುದೇ ಅನುಮಾನ.

ಮಗ ಮೊಬೈಲನ್ನು ಮಗುಚಿಟ್ಟ. ಹನ್ನೆರಡರಿಂದ ಎರಡಕ್ಕೆ ಇಳಿದದ್ದು ಅಗ್ಗವಲ್ಲ, ಎರಡರಿಂದ ಸೊನ್ನೆಗೂ ಇಳಿಯಬಹುದು ಎಂದು ನಾನು ಹೇಳಬೇಕಾಗಲಿಲ್ಲ.

ತಂದೆ ಅವನನ್ನು ಗದರಲಿಲ್ಲ. "ನಿನ್ನ ಸಂಬಳದಲ್ಲಿ, ಹೋದರೂ ಪರವಾಗಿಲ್ಲ ಎನ್ನುವಷ್ಟು ಹಾಕು. ಕಲಿತಂತಾಗುತ್ತದೆ. ಇದು ಮಾತ್ರ ನಿಮ್ಮಮ್ಮನ ಔಷಧಿಯ ಹಣ" ಎಂದರು. ಒಂಬತ್ತು ಲಕ್ಷ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹೋಯಿತು.

ನಿಮ್ಮ ಮನೆಯಲ್ಲೂ ಇಂಥ ಮಾತು ಬಂದರೆ, ಮಕ್ಕಳ ಉತ್ಸಾಹಕ್ಕೆ ತಣ್ಣೀರೆರಚಬೇಡಿ. ಲೆಕ್ಕಪತ್ರ ತೆರೆಸಿ, ಜೊತೆಗೆ ಕುಳಿತು ಓದಿ. ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ, ನಿಮ್ಮ ದುಡಿಮೆಯ ಅನುಭವದಿಂದ ಪ್ರಶ್ನೆ ಕೇಳಿ.