‘ವಯಸ್ಸಾಯ್ತಲ್ಲ’ ಎಂಬ ಕಾಯಿಲೆ

ಈ ಭಾನುವಾರ ನಮ್ಮ ಬಡಾವಣೆಯ ಪಾರ್ಕಿನಲ್ಲಿ ‘ಉಚಿತ ಮೂಳೆ ತಪಾಸಣೆ’. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಹಿಮ್ಮಡಿ ಇಡಲು ಒಂದು ಪುಟ್ಟ ಯಂತ್ರ. ಹೆಂಗಸರು ಚಪ್ಪಲಿ ಬಿಟ್ಟು ಸಾಲಾಗಿ ಕಾಲು ಕೊಟ್ಟರು. ಎಲ್ಲರಿಗೂ ಒಂದೇ ಚೀಟಿ, ಒಂದೇ ಕ್ಯಾಲ್ಸಿಯಂ ಡಬ್ಬಿ. ತಪಾಸಣೆ ಉಚಿತ, ಡಬ್ಬಿಗೆ ದುಡ್ಡು. ‘ಮೂಳೆ ಯಾಕಪ್ಪಾ ಸವೆದಿದೆ?’ ಎಂದು ನನ್ನಾಕೆ ಕೇಳಿದ್ದಕ್ಕೆ ಮೇಜಿನ ಹಿಂದಿನ ಹುಡುಗ ನಕ್ಕ: ‘ವಯಸ್ಸಾಯ್ತಲ್ಲ ಆಂಟಿ!’

ಈ ‘ವಯಸ್ಸಾಯ್ತಲ್ಲ’ದ ಮೇಲೆ ನನಗೆ ಹಳೇ ಸಿಟ್ಟು. ಗಂಡಸಿನ ಕೈ ಮುರಿದರೆ ‘ಯಾವ ಗಾಡಿ ಗುದ್ದಿತು?’ ಅನ್ನುತ್ತೇವೆ. ಹೆಂಗಸಿನದು ಮುರಿದರೆ ವಯಸ್ಸು ಅನ್ನುತ್ತೇವೆ.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಮೂಳೆ ಸವೆಯುವುದು ನಿಜ. ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ ಇದನ್ನು 1940ರ ದಶಕದ ಆರಂಭದಲ್ಲೇ ಹೇಳಿದ್ದ. ಆದರೆ ಕಥೆ ಅಲ್ಲಿಗೇ ಮುಗಿಯಿತೇ? ಥೈರಾಯ್ಡ್ ಹಾರ್ಮೋನು ಹೆಚ್ಚಾದರೆ, ಥೈರಾಯ್ಡ್ ಮಾತ್ರೆಯೇ ಡೋಸ್ ಮೀರಿದರೆ ಮೂಳೆ ಕರಗುತ್ತದೆ. ತಿಂಗಳುಗಟ್ಟಲೆ ಸ್ಟೆರಾಯ್ಡ್ ನುಂಗಿದರೂ ಅಷ್ಟೇ. ಪ್ರೊಲ್ಯಾಕ್ಟಿನ್ ಹಾರ್ಮೋನು ಏರಿ ಮೂವತ್ತಕ್ಕೇ ಮುಟ್ಟು ನಿಂತವಳಿಗೆ, ಮೂವತ್ತೈದಕ್ಕೇ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವಳಿಗೆ ‘ವಯಸ್ಸು’ ಅನ್ನಲು ನಾಲಿಗೆ ಹೇಗೆ ಬರುತ್ತದೆ?

ನಮ್ಮ ಚಿಕ್ಕಮ್ಮ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ ಮೈನಸ್ 3.1, ಮೈನಸ್ 2.5ಕ್ಕೇ ಆಸ್ಟಿಯೊಪೊರೋಸಿಸ್ ಅನ್ನುತ್ತಾರೆ. ಅದಕ್ಕೂ ಮೊದಲು ಎರಡು ಸಲ ಕಿಡ್ನಿಯಲ್ಲಿ ಕಲ್ಲು, ಸದಾ ಸುಸ್ತು. ಹತ್ತು ವರ್ಷ ಕ್ಯಾಲ್ಸಿಯಂ ಮಾತ್ರೆ ನುಂಗಿದ್ದಳು. ಕೊನೆಗೊಬ್ಬಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹಳೇ ಫೈಲು ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟಳು. ರಕ್ತದ ಕ್ಯಾಲ್ಸಿಯಂ 11.4, ಮಿತಿ ಮೀರಿದ್ದು. ಮೂರು ವರ್ಷದ ಹಿಂದಿನದು. ‘ಇದನ್ನ ಯಾರೂ ನೋಡ್ಲೇ ಇಲ್ವಾ?’

ಕತ್ತಿನಲ್ಲಿ, ಥೈರಾಯ್ಡಿನ ಬೆನ್ನಿಗೆ, ಅಕ್ಕಿಕಾಳಿನಷ್ಟು ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ಚಿಕ್ಕಮ್ಮನ ಒಂದು ಗ್ರಂಥಿ ಊದಿಕೊಂಡು, ಮೂಳೆಯ ಸುಣ್ಣವನ್ನು ಕಿತ್ತು ರಕ್ತಕ್ಕೆ ಸುರಿಯುತ್ತಿತ್ತು. ತೊಟ್ಟಿಯ ತಳ ಸೋರುತ್ತಿದ್ದರೆ ನಾವು ನಲ್ಲಿ ಬಿಟ್ಟುಕೊಂಡು ಕೂತಿದ್ದೆವು. ಆಪರೇಷನ್ ಆಯಿತು. ಬ್ಯಾಂಡೇಜ್ ಸವರಿಕೊಳ್ಳುತ್ತಾ ಅವಳೆಂದಳು: ‘ಹತ್ತು ವರ್ಷ ವಯಸ್ಸು ವಯಸ್ಸು ಅಂದ್ರಲ್ಲೋ, ಕತ್ತಲ್ಲಿ ಅವರೆಕಾಳು ಇತ್ತಂತೆ!’

ಕ್ಯಾಲ್ಸಿಯಂ, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನು), ಟಿಎಸ್‌ಎಚ್, ವಿಟಮಿನ್ ಡಿ ನೋಡಲು ಒಂದು ಸಿರಿಂಜ್ ರಕ್ತ ಸಾಕು. ಮುಟ್ಟು ಯಾವಾಗ ನಿಂತಿತು, ಯಾವ ಮಾತ್ರೆ ತಗೋತೀರಿ ಎಂದು ಕೇಳಲು ಅದೂ ಬೇಡ.

ಅಕ್ಟೋಬರ್ 20 ವಿಶ್ವ ಆಸ್ಟಿಯೊಪೊರೋಸಿಸ್ ದಿನ. ಶಾಮಿಯಾನ ಮತ್ತೆ ಏಳುತ್ತದೆ. ಅಕ್ಕಂದಿರೇ, ಕಾರಣ ಕೇಳಿ. ‘ವಯಸ್ಸಾಯ್ತಲ್ಲ’ ಅಂದರೆ ಡಬ್ಬಿಯನ್ನು ಅವನ ಮೇಜಿನ ಮೇಲೇ ಇಟ್ಟು ಬನ್ನಿ. ಅದಕ್ಕೂ ವಯಸ್ಸಾಗುತ್ತದೆ, ತಳದಲ್ಲಿ ಎಕ್ಸ್‌ಪೈರಿ ದಿನಾಂಕ ಅಚ್ಚು ಹಾಕಿದ್ದಾರೆ.