ಅಲುಗಿದರೆ ಸಾಲದು, ದಿಕ್ಕೂ ಸರಿಯಿರಬೇಕು

ವಿಮಾನ ರನ್‌ವೇಗೆ ಏರುವ ಮುನ್ನ ಕಾಕ್‌ಪಿಟ್‌ನಲ್ಲಿ ಕೆಲವೇ ಸೆಕೆಂಡುಗಳ ಕೆಲಸವೊಂದಿದೆ. ಪೈಲಟ್ ಕಂಟ್ರೋಲನ್ನು ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ಮುಂದಕ್ಕೆ ಕೊನೆಮುಟ್ಟ ಆಡಿಸಿ, ಪೆಡಲ್‌ಗಳನ್ನು ಒತ್ತಿ ನೋಡಿ, ‘ಫ್ರೀ ಅಂಡ್ ಕರೆಕ್ಟ್’ (ಸಲೀಸಾಗಿ, ಸರಿಯಾದ ದಿಕ್ಕಿಗೆ ಅಲುಗುತ್ತಿವೆ) ಎನ್ನುತ್ತಾರೆ. ಹಾರಾಟ ಕಲಿಸುವವನಾಗಿ ಹೇಳುತ್ತೇನೆ: ಈ ಪರೀಕ್ಷೆಯನ್ನು ಬಾಯಲ್ಲಿ ಮಾತ್ರ ಮುಗಿಸುವುದು, ಮಾಡದೇ ಬಿಟ್ಟಷ್ಟೇ ಅಪಾಯ.

ಮಾಡದೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಬೆಡ್‌ಫರ್ಡ್ ಸಾಕ್ಷಿ. 2014ರ ಮೇ 31ರ ರಾತ್ರಿ ಅಲ್ಲಿಂದ ಹೊರಟ ಗಲ್ಫ್‌ಸ್ಟ್ರೀಮ್ ಜೆಟ್ ನೆಲ ಬಿಡಲೇ ಇಲ್ಲ. ನಿಂತ ವಿಮಾನದ ಕಂಟ್ರೋಲ್‌ಗಳು ಗಾಳಿಗೆ ಬಡಿದಾಡದಂತೆ ಹಾಕುವ ಗಸ್ಟ್ ಲಾಕನ್ನು ಯಾರೂ ತೆಗೆದಿರಲಿಲ್ಲ. ಏಳು ಜನ ಸತ್ತರು. ತನಿಖೆಯಲ್ಲಿ ಬಯಲಾದದ್ದು ಇನ್ನೂ ಕಳವಳದ ಸಂಗತಿ: ಅದಕ್ಕೂ ಹಿಂದಿನ 175 ಟೇಕಾಫ್‌ಗಳಲ್ಲಿ ಪೂರ್ಣ ಪರೀಕ್ಷೆ ನಡೆದದ್ದು ಎರಡೇ ಸಲ. ಅದನ್ನು ಹಾರಿಸುತ್ತಿದ್ದ ಇಬ್ಬರೂ ಅನುಭವಿ ಪೈಲಟ್‌ಗಳು. ಪ್ರತಿ ಸಲವೂ ಏನೂ ಆಗದಿದ್ದುದೇ ಅವರನ್ನು ಮೈಮರೆಸಿತ್ತು.

2001ರ ಮಾರ್ಚ್ 20ರಂದು ಫ್ರಾಂಕ್‌ಫರ್ಟ್‌ನಲ್ಲಿ ಪರೀಕ್ಷೆ ನಡೆದಿತ್ತು, ಆದರೂ ದೋಷ ಸಿಗಲಿಲ್ಲ. ಲುಫ್ತಾನ್ಸಾದ ಎ320 ವಿಮಾನದ ದುರಸ್ತಿಯಲ್ಲಿ ಕ್ಯಾಪ್ಟನ್ ಕಡೆಯ ಕಂಟ್ರೋಲ್ ಕೋಲಿನ, ಅಂದರೆ ಸೈಡ್‌ಸ್ಟಿಕ್‌ನ, ವೈರುಗಳು ಅದಲುಬದಲಾಗಿದ್ದವು. ಎಡಕ್ಕೆ ವಾಲಿದ ವಿಮಾನವನ್ನು ಸರಿಪಡಿಸಲು ಬಲಕ್ಕೆ ಒತ್ತಿದರೆ ಅದು ಇನ್ನಷ್ಟು ಎಡಕ್ಕೇ ವಾಲಿತು. ರೆಕ್ಕೆಯ ತುದಿ ನೆಲದಿಂದ ಅರ್ಧ ಮೀಟರಿನಷ್ಟು ಎತ್ತರಕ್ಕೆ ಇಳಿದಿತ್ತು. ಸಹಪೈಲಟ್ ತಮ್ಮ ಸ್ಟಿಕ್‌ನಿಂದ ಹತೋಟಿಗೆ ತೆಗೆದುಕೊಂಡಿದ್ದರಿಂದ ಎಲ್ಲರೂ ಬದುಕಿದರು. ಹೊರಡುವ ಮುನ್ನ ಕಾಕ್‌ಪಿಟ್‌ನ ಪರದೆಯ ಮೇಲೆ ಏಲರಾನ್‌ಗಳು (ವಿಮಾನವನ್ನು ವಾಲಿಸುವ, ರೆಕ್ಕೆಯಂಚಿನ ಪಟ್ಟಿಗಳು) ಅಲುಗಿದ್ದು ಕಂಡಿತ್ತು; ಯಾವ ಕಡೆಗೆ ಎಂಬುದನ್ನು ಗಮನಿಸಿರಲಿಲ್ಲ.

ಅದಕ್ಕೇ ನಾನು ಪುಟ್ಟ ಸೆಸ್ನಾ ವಿಮಾನದಲ್ಲಿ ಕೂತ ಹುಡುಗರಿಗೆ ಯೋಕ್ (ಸ್ಟಿಯರಿಂಗ್‌ನಂಥ ಹಿಡಿ) ಹಿಡಿದ ಹೆಬ್ಬೆರಳು ಮೇಲಕ್ಕೆತ್ತಲು ಹೇಳುತ್ತೇನೆ. ಎಡಕ್ಕೆ ತಿರುಗಿಸಿದಾಗ ಹೆಬ್ಬೆರಳು ತೋರಿಸುವ ಎಡ ರೆಕ್ಕೆಯ ಏಲರಾನ್ ಮೇಲೇಳಬೇಕು, ಬಲದ್ದು ಕೆಳಗಿಳಿಯಬೇಕು. ಮೊನ್ನೆ ಒಬ್ಬ ಹುಡುಗಿ ಕಣ್ಣನ್ನು ಚೆಕ್‌ಲಿಸ್ಟ್‌ನಲ್ಲೇ ನೆಟ್ಟು, “ಫ್ರೀ ಅಂಡ್ ಕರೆಕ್ಟ್, ಸರ್” ಅಂದಳು.

“ಎಲಿವೇಟರ್ ಎಲ್ಲಿದೆಯಮ್ಮಾ ಈಗ?”

ಕತ್ತು ಹೊರಳಿಸಿ ಹಿಂದಿನ ಕಿಟಕಿಯಿಂದ ಬಾಲದ ಆ ಪಟ್ಟಿಯನ್ನು ನೋಡಿದಳು. “ಮೇಲಿದೆ ಸರ್. ಯೋಕ್ ಹಿಂದಕ್ಕೆ ಎಳೆದಿದ್ದೀನಿ.”

ನನಗೆ ಬೇಕಾದ ಉತ್ತರ ಇದು. ಕಂಠಪಾಠದ ಮಾತಲ್ಲ, ಕಣ್ಣಾರೆ ಕಂಡದ್ದು. ತರಬೇತಿ ಶಾಲೆಗಳು ಪರೀಕ್ಷೆಯಲ್ಲೂ ಇದನ್ನೇ ಕೇಳಬೇಕು. ನೋಡದೆ ಉತ್ತರಿಸಿದವರನ್ನು ಪಾಸು ಮಾಡಬಾರದು. ವಿಮಾನ ದುರಸ್ತಿಯಿಂದ ಬಂದ ದಿನವಂತೂ ಒಬ್ಬರು ಹೊರಗೆ ನಿಂತು, ಎರಡೂ ಸೀಟಿನ ಕಂಟ್ರೋಲ್‌ಗಳಿಗೆ ರೆಕ್ಕೆ, ಬಾಲ ಯಾವ ದಿಕ್ಕಿಗೆ ಆಡುತ್ತವೆಂದು ಗಟ್ಟಿಯಾಗಿ ಹೇಳಬೇಕು.

ಇನ್ನು ಮಾಲೀಕರಿಗೊಂದು ಮಾತು. ಬೆಡ್‌ಫರ್ಡ್‌ನ ಆ 175 ಟೇಕಾಫ್‌ಗಳ ಲೆಕ್ಕ ವಿಮಾನದ ರೆಕಾರ್ಡರ್‌ನಲ್ಲೇ ಇತ್ತು. ಮೊದಲೇ ಯಾರಾದರೂ ತೆರೆದು ನೋಡಿದ್ದರೆ ಆ ಪೈಲಟ್‌ಗಳನ್ನು ಕರೆದು ತಿದ್ದಬಹುದಿತ್ತು. ರೆಕಾರ್ಡರ್ ಇರುವ ಪ್ರತಿ ಖಾಸಗಿ ಜೆಟ್‌ನಲ್ಲೂ ಈ ತಪಾಸಣೆ ತಿಂಗಳಿಗೊಮ್ಮೆ ನಡೆಯಲಿ. ಪೈಲಟ್‌ಗಳನ್ನು ದಂಡಿಸಲು ಅಲ್ಲ, ಅವರನ್ನೂ ಅವರ ಹಿಂದೆ ಕೂತವರನ್ನೂ ಉಳಿಸಿಕೊಳ್ಳಲು.